ವಾರ್ನಿಷ್ ಮೇಲೆ ಬೂದುಬಣ್ಣ: 38 ಅಡಿಯ ವಿಹಾರದೋಣಿಯೊಂದನ್ನು 1942ರ ಕಾವಲುದೋಣಿಯಾಗಿ ಮಾರ್ಪಡಿಸಿದ ಮಾದರಿಯ ಕೆಲಸದ ದಾಖಲೆ

ಜೂನ್ ಮೊದಲ ವಾರದಲ್ಲಿ ಆರಂಭಿಸಿ ನವೆಂಬರ್ ಮಧ್ಯದವರೆಗೆ, ಸಂಜೆಯ ಹೊತ್ತು ಮತ್ತು ಭಾನುವಾರಗಳಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆದಿಟ್ಟಿದ್ದೇನೆ. ಇದು ನೀರಿನಲ್ಲಿ ಓಡುವ, ರೇಡಿಯೊ ನಿಯಂತ್ರಣದ ಒಂದು ಮಾದರಿ ದೋಣಿ. 1942ರಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಖಾಸಗಿ ವಿಹಾರದೋಣಿಗಳನ್ನು ಪಡೆದುಕೊಂಡು, ಬೂದುಬಣ್ಣ ಬಳಿದು, ಅವುಗಳಿಗೆ ಮೆಷಿನ್‌ಗನ್ ಮತ್ತು ನೀರಿನೊಳಗೆ ಸಿಡಿಯುವ ಡೆಪ್ತ್ ಚಾರ್ಜ್‌ಗಳನ್ನು ಏರಿಸಿ ಕಾವಲಿಗೆ ಕಳುಹಿಸಿದ ಬಗೆಯನ್ನು ನನ್ನ ಕೈಯಿಂದಲೇ ಮಾಡಿ ನೋಡಬೇಕೆಂಬುದು ಉದ್ದೇಶವಾಗಿತ್ತು. ಆದ್ದರಿಂದ ಮೊದಲಿನಿಂದಲೇ ಕಾವಲುದೋಣಿಯನ್ನು ಕಟ್ಟದೆ, ಮೊದಲು ವಿಹಾರದೋಣಿಯನ್ನು ಪೂರ್ಣವಾಗಿ ಕಟ್ಟಿ, ವಾರ್ನಿಷ್ ಹಚ್ಚಿ, ನೀರಿಗಿಳಿಸಿ, ಆಮೇಲೆ ಅದನ್ನು ಕಾವಲುದೋಣಿಯಾಗಿ ಬದಲಿಸಿದೆ. ಇದರಿಂದ ಸುಮಾರು ಎರಡು ತಿಂಗಳ ಕೆಲಸ ಹೆಚ್ಚಾಯಿತು. ಆದರೆ ನನ್ನ ತಪ್ಪುಗಳಲ್ಲಿ ಮುಖ್ಯವಾದವು ಬೆಳಕಿಗೆ ಬಂದದ್ದು ಈ ದಾರಿ ಹಿಡಿದದ್ದರಿಂದಲೇ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1942ರ ಜನವರಿ 14ರಂದು ಯು-123 ಎಂಬ ಜರ್ಮನ್ ಜಲಾಂತರ್ಗಾಮಿಯು ಲಾಂಗ್ ಐಲೆಂಡ್ ಸಮೀಪದ ಕಡಲಿನಲ್ಲಿ ನಾರ್ನೆಸ್ ಎಂಬ ತೈಲ ಹಡಗನ್ನು ಮುಳುಗಿಸಿತು. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಆ ಕರಾವಳಿಯಲ್ಲಿ ಸರಕು ಹಡಗುಗಳು ಒಂದಾದ ಮೇಲೊಂದು ಮುಳುಗಿದವು. ಬೆಂಗಾವಲಿಗೆ ಬೇಕಾದಷ್ಟು ಹಡಗುಗಳು ನೌಕಾಪಡೆಯಲ್ಲಿರಲಿಲ್ಲ. ಕ್ರೂಸಿಂಗ್ ಕ್ಲಬ್ ಆಫ್ ಅಮೆರಿಕ ಎಂಬ ವಿಹಾರದೋಣಿಗಾರರ ಸಂಘದ ಸದಸ್ಯರು ತಮ್ಮ ದೋಣಿಗಳನ್ನು ನಾವಿಕರ ಸಮೇತ ಕೊಡಲು ಮುಂದೆ ಬಂದರು. ನೌಕಾಪಡೆ ಮೊದಲು ಒಪ್ಪಲಿಲ್ಲ. ಕೊನೆಗೆ ಮೇ ತಿಂಗಳಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಅರ್ನೆಸ್ಟ್ ಕಿಂಗ್ ಅವರು, ಒಳ್ಳೆಯ ಹವೆಯಲ್ಲಿ ಕನಿಷ್ಠ 48 ಗಂಟೆ ಕಡಲಿನಲ್ಲಿ ಇರಬಲ್ಲ ಖಾಸಗಿ ದೋಣಿಗಳನ್ನು ಸಾಧ್ಯವಾದಷ್ಟು ಹೆಚ್ಚು ಸಂಖ್ಯೆಯಲ್ಲಿ ಪಡೆದುಕೊಳ್ಳುವಂತೆ ಕೋಸ್ಟ್ ಗಾರ್ಡ್‌ಗೆ ಆದೇಶಿಸಿದರು. ಪ್ರತಿ ದೋಣಿಯಲ್ಲಿ 300 ಪೌಂಡಿನ ನಾಲ್ಕು ಡೆಪ್ತ್ ಚಾರ್ಜ್‌ಗಳು, ಕನಿಷ್ಠ ಒಂದು ಮೆಷಿನ್‌ಗನ್ ಮತ್ತು ಒಂದು ರೇಡಿಯೊ ಇರಬೇಕೆಂಬುದು ಆ ಆದೇಶದ ತಿರುಳು. ಈ ಮೂರು ವಸ್ತುಗಳ ಪಟ್ಟಿಯೇ ನನ್ನ ಕೆಲಸದ ಯೋಜನೆಯೂ ಆಯಿತು.

ಹಂತ 1: ಅಳತೆ (ಜೂನ್ 2 – 9)

ನಿರ್ದಿಷ್ಟವಾದ ಯಾವುದೇ ಒಂದು ದೋಣಿಯ ಪ್ರತಿರೂಪವನ್ನು ಮಾಡಲು ನಾನು ಹೊರಡಲಿಲ್ಲ. ಆ ಕಾಲದ ಅಮೆರಿಕನ್ ಕುಟುಂಬಗಳು ಮೀನು ಹಿಡಿಯಲು ಮತ್ತು ವಾರಾಂತ್ಯದ ವಿಹಾರಕ್ಕೆ ಬಳಸುತ್ತಿದ್ದ, ಮುಂದೆ ಕ್ಯಾಬಿನ್ ಮತ್ತು ಹಿಂದೆ ಜನರು ಕೂರುವ ತೆರೆದ ಕಾಕ್‌ಪಿಟ್ ಇರುವ, 38 ಅಡಿ ಉದ್ದದ ಮರದ ಮೋಟಾರು ದೋಣಿಯನ್ನು ಆರಿಸಿಕೊಂಡೆ. ಪ್ರಮಾಣ 1:16. ಹಾಗಾಗಿ ಮಾದರಿಯ ಉದ್ದ 724 ಮಿ.ಮೀ., ಅಗಲ 200 ಮಿ.ಮೀ., ನೀರಿನೊಳಗಿನ ಆಳ 57 ಮಿ.ಮೀ. ಮೂಲ ದೋಣಿಯ ತೂಕವನ್ನು 8 ಟನ್ ಎಂದು ಹಿಡಿದೆ.

ತೂಕದ ಲೆಕ್ಕವನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು, ಏಕೆಂದರೆ ಮುಂದಿನ ಎಲ್ಲವೂ ಅದರ ಮೇಲೆ ನಿಂತಿದೆ. ಉದ್ದವನ್ನು 16ರಿಂದ ಭಾಗಿಸಿದರೆ ತೂಕವನ್ನು 16ರ ಘನದಿಂದ, ಅಂದರೆ 4,096ರಿಂದ ಭಾಗಿಸಬೇಕು. 8 ಟನ್ ಎಂದರೆ ಮಾದರಿಯಲ್ಲಿ 1,950 ಗ್ರಾಂ. ಮಾದರಿಯ ಮೇಲಿನ ಒಂದೊಂದು ಗ್ರಾಂ ನಿಜವಾದ ದೋಣಿಯಲ್ಲಿ ನಾಲ್ಕು ಕೆ.ಜಿ.ಗೂ ಸ್ವಲ್ಪ ಹೆಚ್ಚು. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದೆ. ಆದರೂ ಎಂಟನೆಯ ಹಂತದಲ್ಲಿ ಮರೆತೆ.

ಹಂತ 2: ಕೀಲ್ ಮತ್ತು ಫ್ರೇಮ್‌ಗಳು (ಜೂನ್ 10 – 29)

6 ಮಿ.ಮೀ. ಪ್ಲೈವುಡ್‌ನಿಂದ ಕೀಲ್, ಅಂದರೆ ದೋಣಿಯ ಬೆನ್ನೆಲುಬು, 3 ಮಿ.ಮೀ. ಪ್ಲೈವುಡ್‌ನಿಂದ ಒಂಬತ್ತು ಫ್ರೇಮ್‌ಗಳು, ಅಂದರೆ ಅಡ್ಡ ಪಕ್ಕೆಲುಬುಗಳು. ಫ್ರೆಟ್ ಗರಗಸದಿಂದ ಕತ್ತರಿಸಿ, 120 ನಂಬರಿನ ಉಪ್ಪುಕಾಗದದಿಂದ ಅಂಚುಗಳನ್ನು ಉಜ್ಜಿದೆ.

ಮೊದಲ ದೊಡ್ಡ ತಪ್ಪು ಇಲ್ಲಿಯೇ ಆಯಿತು. ನಕ್ಷೆಯಲ್ಲಿದ್ದ ಗೆರೆ ದೋಣಿಯ ಹೊರಮೈಯದು. ಫ್ರೇಮ್‌ಗಳ ಮೇಲೆ ಮುಂದೆ 2 ಮಿ.ಮೀ. ದಪ್ಪದ ಹಲಗೆಪಟ್ಟಿಗಳು ಕೂರುತ್ತವೆ ಎಂಬುದನ್ನು ಕಳೆಯದೆ ಒಂಬತ್ತನ್ನೂ ಹೊರಗೆರೆಯ ಮೇಲೆಯೇ ಕತ್ತರಿಸಿದ್ದೆ. ಎಲ್ಲವನ್ನೂ ಕೀಲ್‌ಗೆ ಅಂಟಿಸಿದ ಮೇಲೆ, ಪಟ್ಟಿಯ ಒಂದು ತುಂಡನ್ನು ಇಟ್ಟು ನೋಡಿದಾಗ ಅಗಲ 204 ಮಿ.ಮೀ. ಬಂತು. ಅಂಟಿಸಿದ ಫ್ರೇಮ್‌ಗಳನ್ನು ಬಿಡಿಸದೆ, ಪ್ರತಿಯೊಂದರ ಅಂಚನ್ನೂ ಸುತ್ತ 2 ಮಿ.ಮೀ. ಕೊರೆದು ತೆಗೆಯಲು ನಾಲ್ಕು ಸಂಜೆಗಳು ಹಿಡಿದವು. ಐದನೆಯ ಫ್ರೇಮ್ ಮುರಿಯಿತು. ಅದನ್ನು ಹೊಸದಾಗಿ ಮಾಡಿದೆ. ಹೊಸಬರು ಈ ಕೆಲಸಕ್ಕೆ ಕೈಹಾಕುವುದಾದರೆ, ಹಲಗೆಯ ದಪ್ಪವನ್ನು ಕಳೆದ ಒಳಗೆರೆಯನ್ನು ಕೆಂಪು ಶಾಯಿಯಲ್ಲಿ ಮೊದಲೇ ಬರೆದುಕೊಳ್ಳಬೇಕು.

ಹಂತ 3: ಹಲಗೆ ಹೊದಿಸುವುದು (ಜುಲೈ 1 – 27)

ನಮ್ಮ ಬೀದಿಯ ಬಡಗಿಯವರು ಬಾಗಿಲ ಕೆಲಸದಲ್ಲಿ ಉಳಿದ ಸಾಗುವಾನಿ ತುಂಡುಗಳನ್ನು 2 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಪಟ್ಟಿಗಳಾಗಿ ಸೀಳಿ ಕೊಟ್ಟರು. ಮರಕ್ಕೆ ಹಣ ಬೇಡವೆಂದರು, ಸೀಳಿದ ಕೂಲಿ 500 ರೂಪಾಯಿ. "ಮೂತಿಯ ಹತ್ತಿರ ಬಗ್ಗಿಸುವಾಗ ಬಿಸಿನೀರಲ್ಲಿ ನೆನೆಹಾಕಿ ಸ್ವಾಮಿ, ಇಲ್ಲದಿದ್ದರೆ ಚಿಟಕ್ ಅಂತ ಮುರಿಯುತ್ತೆ" ಎಂದು ಅವರು ಹೇಳಿದ್ದನ್ನು ಕೇಳಿಯೂ, ಮೊದಲ ಮೂರು ಪಟ್ಟಿಗಳನ್ನು ಒಣಗಿದ್ದಂತೆಯೇ ಬಗ್ಗಿಸಲು ಹೋಗಿ ಮುರಿದೆ. ಆಮೇಲೆ ಉದ್ದನೆಯ ಪೈಪಿನಲ್ಲಿ ಕುದಿನೀರು ತುಂಬಿ ಇಪ್ಪತ್ತು ನಿಮಿಷ ನೆನೆಸಿ, ಬಟ್ಟೆ ಒಣಹಾಕುವ ಕ್ಲಿಪ್‌ಗಳಿಂದ ಹಿಡಿದು ಕೂರಿಸಿದೆ.

ಎರಡನೆಯ ತಪ್ಪು ಅಂಟಿನದು. ಮನೆಯಲ್ಲಿದ್ದ ಸಾಮಾನ್ಯ ಬಿಳಿ ಮರದಂಟನ್ನೇ ಕೀಲ್‌ನ ಪಕ್ಕದ ಮೊದಲ ಪಟ್ಟಿಗಳಿಗೆ ಬಳಸಿದೆ. ಅದು ನೀರು ತಾಳುವ ಬಗೆಯದಲ್ಲ ಎಂಬುದು ಡಬ್ಬಿಯ ಮೇಲೆಯೇ ಇತ್ತು, ನಾನು ಓದಿರಲಿಲ್ಲ. ಜುಲೈ 20ರಂದು ಒಡಲನ್ನು ಹಿತ್ತಲಿನ ತೊಟ್ಟಿಯಲ್ಲಿ ಎರಡು ಗಂಟೆ ತೇಲಿಬಿಟ್ಟಾಗ ಆ ಜೋಡಣೆ ಬೆಳ್ಳಗೆ ಮೆತ್ತಗಾಗಿ ಬಿಟ್ಟುಕೊಂಡಿತು. ಎರಡೂ ಬದಿಯ ಮೂರು ಮೂರು ಪಟ್ಟಿಗಳನ್ನು ಕಿತ್ತು, ಒಣಗಿಸಿ, ನೀರು ತಾಳುವ ಎಪಾಕ್ಸಿ ಅಂಟಿನಿಂದ ಮತ್ತೆ ಅಂಟಿಸಿದೆ. ಅನಂತರ ಒಡಲಿನ ಒಳಮೈಗೆ ತೆಳುವಾದ ಗಾಜಿನ ಬಟ್ಟೆಯನ್ನು ರೆಸಿನ್‌ನಲ್ಲಿ ಅದ್ದಿ ಹೊದಿಸಿದ ಮೇಲೆ ಒಂದು ಹನಿಯೂ ಒಳಗೆ ಬರಲಿಲ್ಲ.

ಹಂತ 4: ಮೋಟಾರು, ಚುಕ್ಕಾಣಿ (ಆಗಸ್ಟ್ 2 – 10)

ಬ್ರಷ್ ಇರುವ 12 ವೋಲ್ಟ್ ಮೋಟಾರನ್ನು 7.2 ವೋಲ್ಟ್‌ನಲ್ಲಿ ನಡೆಸುತ್ತಿದ್ದೇನೆ; ವೇಗ ಬೇಕಿಲ್ಲ. ಬ್ಯಾಟರಿಯ ತೂಕ 380 ಗ್ರಾಂ, ಇಡೀ ಮಾದರಿಯಲ್ಲಿ ಅದೇ ಅತಿ ಭಾರದ ಒಂಟಿ ವಸ್ತು. ಪ್ರೊಪೆಲ್ಲರ್ ದಂಡ ಮತ್ತು ಮೋಟಾರು ನೇರಗೆರೆಯಲ್ಲಿ ಕೂರದೆ ಮೊದಲ ದಿನ ಇಡೀ ಒಡಲು ಅದುರಿತು. ಮೋಟಾರಿನ ಕೆಳಗೆ 1.5 ಮಿ.ಮೀ. ಚಕ್ಕೆ ಕೊಟ್ಟ ಮೇಲೆ ನಿಂತಿತು.

ಹಂತ 5: ವಿಹಾರದೋಣಿ ಸಿದ್ಧ (ಆಗಸ್ಟ್ 11 – ಸೆಪ್ಟೆಂಬರ್ 7)

ಡೆಕ್‌ಗೆ ಪಟ್ಟಿ ಜೋಡಿಸಿ, ಕ್ಯಾಬಿನ್ ಕಟ್ಟಿ, ಕಿಟಕಿಗಳಿಗೆ ಪಾರದರ್ಶಕ ಹಾಳೆ ಹಾಕಿ, ಹಿತ್ತಾಳೆ ತಂತಿಯ ಹಿಡಿಕಂಬಿಗಳನ್ನು ಕೂರಿಸಿ, ಕಾಕ್‌ಪಿಟ್‌ನಲ್ಲಿ ಮೀನು ಹಿಡಿಯುವವರು ಕೂರುವ ಎರಡು ಕುರ್ಚಿಗಳು, ಒಂದು ಮೇಜು, ಐಸ್ ಪೆಟ್ಟಿಗೆ ಮಾಡಿದೆ. ಒಳಗೆ ನಾಲ್ಕು ಹಾಸಿಗೆಗಳು ಮತ್ತು ಸಣ್ಣ ಅಡುಗೆ ಒಲೆ. ಮರದ ಮೇಲೆ ಆರು ಪದರ ವಾರ್ನಿಷ್. ಪ್ರತಿ ಪದರದ ನಡುವೆ 400 ನಂಬರಿನ ಕಾಗದದಿಂದ ನೀರು ಹಾಕಿ ಉಜ್ಜಿದೆ. ಕೊನೆಯ ಪದರ ಒಣಗಿದ ಸಂಜೆ ಇಳಿಬಿಸಿಲಿನಲ್ಲಿ ಸಾಗುವಾನಿಯ ಗೆರೆಗಳು ಮೇಲೆದ್ದು ಕಂಡ ಬಗೆಯನ್ನು ನಾನು ಮರೆಯಲಾರೆ. ತಮ್ಮ ಕೈಯಾರೆ ವರ್ಷವರ್ಷವೂ ಇಂಥ ಮರವನ್ನು ಉಜ್ಜಿ ಬೆಳಗಿಸಿದವರು ದೋಣಿಯ ಕೀಲಿಕೈಯನ್ನು ಕೋಸ್ಟ್ ಗಾರ್ಡ್‌ಗೆ ಒಪ್ಪಿಸಿದ್ದು ಎಷ್ಟು ದೊಡ್ಡ ಕೊಡುಗೆ ಎಂಬುದು ಆ ಸಂಜೆ ನನಗೆ ಮನದಟ್ಟಾಯಿತು.

ಸೆಪ್ಟೆಂಬರ್ 7ರ ಅಳತೆಗಳು: ಒಟ್ಟು ತೂಕ 1,920 ಗ್ರಾಂ. ತೊಟ್ಟಿಯಲ್ಲಿ ಸಮವಾಗಿ ತೇಲಿತು. ನೀರಿನ ಗೆರೆಯನ್ನು ಸುತ್ತಲೂ ಪೆನ್ಸಿಲ್‌ನಿಂದ ಗುರುತು ಮಾಡಿದೆ. ಒಂದು ಬದಿಯನ್ನು ಬೆರಳಿನಿಂದ ಒತ್ತಿ ಬಿಟ್ಟು, ಐದು ಓಲಾಟಗಳಿಗೆ ಎಷ್ಟು ಹೊತ್ತು ಬೇಕೆಂದು ಫೋನಿನ ನಿಧಾನಗತಿಯ ವಿಡಿಯೊದಲ್ಲಿ ಎಣಿಸಿದಾಗ 4.4 ಸೆಕೆಂಡು ಬಂತು. ಓಲಾಟ ನಿಧಾನವಾದಷ್ಟೂ ದೋಣಿ ಮೇಲ್ಭಾರವಾಗಿದೆ ಎಂದರ್ಥ. ಮುಂದಿನ ಪ್ರತಿ ಹಂತದಲ್ಲಿಯೂ ಇದೇ ಪರೀಕ್ಷೆಯನ್ನು ಮತ್ತೆ ಮಾಡಿದೆ.

ಹಂತ 6: ಕಳಚುವ ಕೆಲಸ (ಸೆಪ್ಟೆಂಬರ್ 14 – 15)

ಮಾರ್ಪಾಡು ಎಂದರೆ ಬಂದೂಕು ಏರಿಸುವುದು ಎಂದೇ ಭಾವಿಸಿದ್ದ ನಾನು, ಮೊದಲು ಕಳಚಬೇಕು ಎಂಬುದನ್ನು ಇಲ್ಲಿ ಕಲಿತೆ. ಕುರ್ಚಿಗಳು, ಮೇಜು, ಐಸ್ ಪೆಟ್ಟಿಗೆ, ಹಿಂಭಾಗದ ಹಿತ್ತಾಳೆ ಹಿಡಿಕಂಬಿ, ಅಲಂಕಾರದ ಧ್ವಜಕಂಬ ಎಲ್ಲವನ್ನೂ ತೆಗೆದೆ. ಒಟ್ಟು 74 ಗ್ರಾಂ, ಅಂದರೆ ನಿಜ ದೋಣಿಯಲ್ಲಿ ಸುಮಾರು 300 ಕೆ.ಜಿ. ಹಾಸಿಗೆಗಳನ್ನೂ ಒಲೆಯನ್ನೂ ಬಿಟ್ಟೆ. ಎರಡು ದಿನ ಕಡಲಿನಲ್ಲಿ ಇರಬೇಕಾದವರಿಗೆ ಅವು ಬೇಕು.

ಇದೇ ಭರದಲ್ಲಿ ಎಂಜಿನ್ ಕೋಣೆಯ ಮೇಲಿದ್ದ, ಕಹಳೆಯ ಬಾಯಿಯಂತಿರುವ ಎರಡು ಗಾಳಿಕೊಳವೆಗಳನ್ನೂ ಅಲಂಕಾರವೆಂದು ಕಿತ್ತು, ತೂತುಗಳನ್ನು ಮುಚ್ಚಿಬಿಟ್ಟೆ. ಇದು ತಪ್ಪು. ಆ ದೋಣಿಗಳಲ್ಲಿದ್ದವು ಪೆಟ್ರೋಲ್ ಎಂಜಿನ್‌ಗಳು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿ ಮಡುಗಟ್ಟುತ್ತದೆ, ಒಂದು ಕಿಡಿ ಸಾಕು. ಹಿಂದಿನ ಮಹಾಯುದ್ಧದಲ್ಲಿ ಇದೇ ಬಗೆಯಾಗಿ ನೌಕಾಪಡೆಗೆ ಸೇರಿದ ಚಿಂಗಾಚ್‌ಗೂಕ್ ಎಂಬ ಮೋಟಾರು ದೋಣಿಯ ಗತಿ ನೆನಪಾಯಿತು. 1916ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೀನ್‌ಪೋರ್ಟ್‌ನಲ್ಲಿ ಕಟ್ಟಿದ ಆ ದೋಣಿಯನ್ನು 1917ರ ಮೇ ತಿಂಗಳಲ್ಲಿ ಪಡೆದು ಎಸ್‌ಪಿ-35 ಎಂಬ ಸಂಖ್ಯೆ ಕೊಟ್ಟರು. ಅದೇ ವರ್ಷದ ಜುಲೈ 31ರಂದು ಪೆಟ್ರೋಲ್ ಟ್ಯಾಂಕ್ ಸಿಡಿದು ಬೆಂಕಿ ಹೊತ್ತಿತು. ನಾವಿಕರು ಗಾಯಗೊಂಡರು, ಒಡಲು ದುರಸ್ತಿಗೆ ಮೀರಿ ಹಾಳಾಯಿತು. ಶತ್ರುವಿನ ಗುಂಡು ತಾಗದೆಯೇ, ಸೇವೆಗೆ ಸೇರಿದ ಎರಡು ತಿಂಗಳಲ್ಲಿ ಅದರ ಕಥೆ ಮುಗಿಯಿತು. ಸೆಪ್ಟೆಂಬರ್ 15ರ ರಾತ್ರಿ ಮುಚ್ಚಿದ ತೂತುಗಳನ್ನು ಮತ್ತೆ ಕೊರೆದು ಗಾಳಿಕೊಳವೆಗಳನ್ನು ಹಿಂದಿನ ಜಾಗದಲ್ಲಿಯೇ ಕೂರಿಸಿದೆ. ಸುತ್ತಲಿನ ಡೆಕ್‌ನಲ್ಲಿ ತೇಪೆಯ ಗುರುತು ಉಳಿದಿದೆ.

ಹಂತ 7: ಡೆಪ್ತ್ ಚಾರ್ಜ್‌ಗಳು (ಸೆಪ್ಟೆಂಬರ್ 20 – ಅಕ್ಟೋಬರ್ 6)

ಡೆಪ್ತ್ ಚಾರ್ಜ್ ಎಂದರೆ ನೀರಿಗೆ ಉರುಳಿಸಿ, ಗೊತ್ತುಪಡಿಸಿದ ಆಳದಲ್ಲಿ ನೀರಿನ ಒತ್ತಡದಿಂದ ಸಿಡಿಯುವಂತೆ ಮಾಡುವ ಸ್ಫೋಟಕದ ಪೀಪಾಯಿ. ಆಗಿನ ಅಮೆರಿಕದ ಮಾರ್ಕ್ 6 ಪೀಪಾಯಿಯಲ್ಲಿ 300 ಪೌಂಡ್ ಟಿಎನ್‌ಟಿ ಇರುತ್ತಿತ್ತು. ಕವಚ ಸೇರಿ ಒಟ್ಟು ತೂಕ 420 ಪೌಂಡ್, ಅಂದರೆ 190 ಕೆ.ಜಿ. ಸುಮಾರು 45 ಸೆಂ.ಮೀ. ವ್ಯಾಸ, 70 ಸೆಂ.ಮೀ. ಉದ್ದ. ನನ್ನ ಪ್ರಮಾಣದಲ್ಲಿ 28 ಮಿ.ಮೀ. ವ್ಯಾಸ, 44 ಮಿ.ಮೀ. ಉದ್ದ, 46.5 ಗ್ರಾಂ.

ವಿದ್ಯುತ್ ತಂತಿ ಹಾಯಿಸುವ 25 ಮಿ.ಮೀ. ಪಿವಿಸಿ ಪೈಪನ್ನು 44 ಮಿ.ಮೀ. ತುಂಡುಗಳಾಗಿ ಕತ್ತರಿಸಿ, ಸುತ್ತ ರಟ್ಟಿನ ಪಟ್ಟಿ ಸುತ್ತಿ 28 ಮಿ.ಮೀ.ಗೆ ತಂದೆ. ಒಳಗೆ ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ 46ರಿಂದ 47 ಗ್ರಾಂ ನಡುವೆ ನಿಲ್ಲಿಸಿದೆ. ಗುಂಡುಗಳು ಒಳಗೆ ಅಲುಗಾಡದಂತೆ ಮೇಣ ಸುರಿದೆ. ಹಿತ್ತಾಳೆಯ ಎಲ್ ಪಟ್ಟಿಯಿಂದ ಎರಡು ಇಳಿಜಾರು ತೊಟ್ಟಿಲುಗಳನ್ನು ಮಾಡಿ, ದೋಣಿಯ ಹಿಂಬದಿಯ ಹಲಗೆಗೆ ತಾಗಿಸಿ ಎಡಕ್ಕೊಂದು, ಬಲಕ್ಕೊಂದು ಕೂರಿಸಿದೆ. ಪ್ರತಿಯೊಂದರಲ್ಲಿ ಎರಡು ಪೀಪಾಯಿ. ತೊಟ್ಟಿಲುಗಳ ತೂಕ 22 ಗ್ರಾಂ.

ಸೆಪ್ಟೆಂಬರ್ 28ರಂದು ನೀರಿಗಿಟ್ಟಾಗ ಹಿಂಭಾಗ ಪೆನ್ಸಿಲ್ ಗೆರೆಗಿಂತ 7 ಮಿ.ಮೀ. ಕೆಳಗಿಳಿಯಿತು, ಮೂತಿ 4 ಮಿ.ಮೀ. ಮೇಲೆದ್ದಿತು. ಕೇಳಲು ಇದು ಸಣ್ಣದೆನಿಸಬಹುದು; ನಿಜ ದೋಣಿಯಲ್ಲಿ ಹಿಂಭಾಗ 11 ಸೆಂ.ಮೀ. ಮುಳುಗಿದಂತೆ. ಚುಕ್ಕಾಣಿಯ ಕೊಳವೆಯ ಬಾಯಿ ನೀರಿನ ಮಟ್ಟಕ್ಕೆ ಬಂದು, ಮೋಟಾರು ಹಾಕಿದ ಅರ್ಧ ನಿಮಿಷದಲ್ಲಿ ಒಳಗೆ ಸುಮಾರು ಎರಡು ಚಮಚ ನೀರು ಸೇರಿತು. ಮೋಟಾರನ್ನು ಬಿಚ್ಚಿ ಒಣಗಿಸಬೇಕಾಯಿತು. 8 ಟನ್ ದೋಣಿಯ ಬಾಲದ ತುದಿಗೆ 760 ಕೆ.ಜಿ. ಇಟ್ಟರೆ ಏನಾಗುತ್ತದೆ ಎಂಬುದನ್ನು ಎಷ್ಟು ಓದಿದ್ದರೂ, ಆ ಎರಡು ಚಮಚ ನೀರನ್ನು ಸ್ಪಂಜಿನಿಂದ ಹೀರಿ ತೆಗೆಯುವಾಗ ತಿಳಿದಷ್ಟು ತಿಳಿದಿರಲಿಲ್ಲ.

ಸರಿಪಡಿಸಲು ಮೊದಲು ಮಾಡಿದ್ದು ತಪ್ಪು ದಾರಿ: ಮೂತಿಯೊಳಗೆ 150 ಗ್ರಾಂ ಸೀಸ ಇಟ್ಟು ಸಮತೂಕ ಮಾಡಿದೆ. ದೋಣಿ ಸಮವಾಯಿತು, ಆದರೆ ಇಡೀ ಒಡಲು ತಗ್ಗಿ, ಸಣ್ಣ ಅಲೆಗೇ ಕಾಕ್‌ಪಿಟ್‌ಗೆ ನೀರು ಹಾರಿತು. ಭಾರಕ್ಕೆ ಭಾರ ಸೇರಿಸುವುದನ್ನು ಬಿಟ್ಟು ಇದ್ದ ಭಾರವನ್ನೇ ಸರಿಸಬೇಕಾಗಿತ್ತು. ಸೀಸವನ್ನು ತೆಗೆದು, ಬ್ಯಾಟರಿಯನ್ನು 90 ಮಿ.ಮೀ. ಮುಂದಕ್ಕೆ ಸರಿಸಿದೆ, ಅದಕ್ಕಾಗಿ ಕ್ಯಾಬಿನ್‌ನೊಳಗಿನ ಹಿಂದಿನ ಎರಡು ಹಾಸಿಗೆಗಳನ್ನು ಕಿತ್ತೊಗೆಯದೆ ಬೇರೆ ದಾರಿಯಿರಲಿಲ್ಲ. ತೊಟ್ಟಿಲುಗಳನ್ನು 60 ಮಿ.ಮೀ. ಮುಂದೆ ತಂದು, ಪೀಪಾಯಿಗಳು ಹಿಂದಕ್ಕೆ ಉರುಳುವ ಬದಲು ಬದಿಯಿಂದ ಹೊರಕ್ಕೆ ಉರುಳುವಂತೆ ತಿರುಗಿಸಿದೆ. ಚುಕ್ಕಾಣಿಯ ಕೊಳವೆಯನ್ನು 12 ಮಿ.ಮೀ. ಎತ್ತರಿಸಿದೆ. ಅಕ್ಟೋಬರ್ 6ರಂದು ಹಿಂಭಾಗದ ಇಳಿತ 2 ಮಿ.ಮೀ.ಗೆ ಬಂತು.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಮಾರ್ಕ್ 6 ಪೀಪಾಯಿ ಸೆಕೆಂಡಿಗೆ ಸುಮಾರು 8 ಅಡಿ ಮುಳುಗುತ್ತದೆ. 50 ಅಡಿ ಆಳಕ್ಕೆ ಹೊಂದಿಸಿದ್ದರೆ ಆರು ಸೆಕೆಂಡಿನಲ್ಲಿ ಸಿಡಿಯುತ್ತದೆ. 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ವೇಗದ ದೋಣಿ ಅಷ್ಟರಲ್ಲಿ 32 ಮೀಟರ್ ಮಾತ್ರ ದೂರ ಹೋಗಿರುತ್ತದೆ. 300 ಪೌಂಡ್ ಟಿಎನ್‌ಟಿ ಅಷ್ಟು ಹತ್ತಿರದಲ್ಲಿ ಸಿಡಿದರೆ ಮರದ ಹಲಗೆಗಳ ಸಂದುಗಳು ತಾಳುವುದು ಕಷ್ಟ. ಆ ಪೀಪಾಯಿಗಳ ಪಕ್ಕದಲ್ಲಿ ನಿಂತಿದ್ದ ವಿಹಾರಪ್ರಿಯರಿಗೂ ಮೀನುಗಾರರಿಗೂ ಕಾಲೇಜು ಹುಡುಗರಿಗೂ ಇದು ಗೊತ್ತಿತ್ತು, ಗೊತ್ತಿದ್ದೂ ಹೋದರು.

ಹಂತ 8: ಮೆಷಿನ್‌ಗನ್ (ಅಕ್ಟೋಬರ್ 8 – 19)

ಅರ್ಧ ಇಂಚು ನಳಿಗೆಯ ಬ್ರೌನಿಂಗ್ ಎಂ2 ಮೆಷಿನ್‌ಗನ್‌ನ ಉದ್ದ 1.65 ಮೀಟರ್, ತೂಕ 38 ಕೆ.ಜಿ. ಮಾದರಿಯಲ್ಲಿ 103 ಮಿ.ಮೀ., 9 ಗ್ರಾಂಗಿಂತ ತುಸು ಹೆಚ್ಚು. ಹಿತ್ತಾಳೆಯಲ್ಲಿ ಕೆಲಸ ಮಾಡುವುದು ನನಗೆ ಇಷ್ಟವಾದ್ದರಿಂದ ನಳಿಗೆ, ಪೆಟ್ಟಿಗೆ, ಕಂಬ ಎಲ್ಲವನ್ನೂ ಹಿತ್ತಾಳೆಯಲ್ಲಿಯೇ ಅರದಿಂದ ಉಜ್ಜಿ, ಬೆಸುಗೆ ಹಾಕಿ ಮಾಡಿದೆ. ಒಂದು ವಾರದ ಕೆಲಸ. ನಳಿಗೆಯ ಹೊರಕವಚದ ತೂತುಗಳನ್ನು 1 ಮಿ.ಮೀ. ಡ್ರಿಲ್‌ನಿಂದ ಒಂದೊಂದಾಗಿ ಕೊರೆದಿದ್ದೆ. ದೂರ ಕಾಣಲಿ ಎಂದು ಕ್ಯಾಬಿನ್ ಚಾವಣಿಯ ಮೇಲೆ ಕೂರಿಸಿದೆ.

ತೂಗಿ ನೋಡಿದ್ದು ಕೂರಿಸಿದ ಮೇಲೆ. 61 ಗ್ರಾಂ. ಗೋಡೆಯ ಮೇಲಿನ ಚೀಟಿಯಂತೆ ಲೆಕ್ಕ ಹಾಕಿದರೆ 250 ಕೆ.ಜಿ.ಯ ಭಾರವನ್ನು ಚಾವಣಿಯ ಮೇಲೆ ಹೊರಿಸಿದಂತಾಗಿತ್ತು. ಐದು ಓಲಾಟಗಳಿಗೆ 5.3 ಸೆಕೆಂಡು ಬಂತು. ದೋಣಿ ಪಕ್ಕಕ್ಕೆ ವಾಲಿ, ಯೋಚಿಸಿ ನೋಡಿದಂತೆ ಸ್ವಲ್ಪ ತಡೆದು ಹಿಂದಿರುಗುತ್ತಿತ್ತು. ಆ ತಡೆಯುವಿಕೆಯನ್ನು ಕಣ್ಣಾರೆ ಕಂಡ ಮೇಲೆ ಚಾವಣಿಯ ಆಸೆಯನ್ನು ಬಿಟ್ಟೆ.

ಎರಡನೆಯ ಬಂದೂಕನ್ನು ಅಲ್ಯೂಮಿನಿಯಂ ಕೊಳವೆ ಮತ್ತು ಪ್ಲಾಸ್ಟಿಕ್ ಹಾಳೆಯಿಂದ ಮಾಡಿದೆ. ಕಂಬವೂ ಸೇರಿ 17 ಗ್ರಾಂ, ಅಂದರೆ 70 ಕೆ.ಜಿ. ಇದು ನಂಬಬಹುದಾದ ತೂಕ. ಅದನ್ನು ಮುಂದಿನ ಡೆಕ್‌ನ ಮೇಲೆ, ಅಡಿಯಲ್ಲಿ ಫ್ರೇಮ್ ಇರುವ ಜಾಗದಲ್ಲಿಯೇ ಕೂರಿಸಿದೆ. ವಿಹಾರದೋಣಿಯ ಡೆಕ್ ಜನರು ನಡೆದಾಡಲಿಕ್ಕೆ ಮಾಡಿದ್ದು. ಗುಂಡು ಹಾರಿಸುವ ಅದುರನ್ನು ತಾಳಲಿಕ್ಕಲ್ಲ. ಹಾಗಾಗಿ ಡೆಕ್‌ನ ಕೆಳಗೆ ಎರಡು ಫ್ರೇಮ್‌ಗಳ ನಡುವೆ 6 ಮಿ.ಮೀ. ಪ್ಲೈವುಡ್ ತೊಲೆಯನ್ನು ಎಪಾಕ್ಸಿಯಿಂದ ಕೂರಿಸಿ, ಕಂಬದ ಬೋಲ್ಟ್‌ಗಳನ್ನು ಅದರವರೆಗೆ ಇಳಿಸಿದೆ. ಮತ್ತೆ ಓಲಾಟ ಎಣಿಸಿದಾಗ 4.8 ಸೆಕೆಂಡು. ವಿಹಾರದೋಣಿಯ 4.4 ಮತ್ತೆ ಬರಲಿಲ್ಲ, ಬರುವುದೂ ಇಲ್ಲ. ಹಿತ್ತಾಳೆಯ ಬಂದೂಕು ಈಗ ಕಪಾಟಿನಲ್ಲಿದೆ.

ಹಂತ 9: ಬೂದುಬಣ್ಣ (ಅಕ್ಟೋಬರ್ 20 – 31)

ವಾರ್ನಿಷ್ ಹಾಳುಮಾಡಲು ಮನಸ್ಸು ಬಾರದೆ ಎರಡು ದಿನ ಕೆಲಸ ಮುಂದೂಡಿದೆ. ಆ ಹಿಂಜರಿಕೆಯೇ ಮುಂದಿನ ತಪ್ಪಿಗೆ ಕಾರಣ: ಆರು ಪದರಗಳನ್ನು ಉಜ್ಜಿ ಒರಟು ಮಾಡದೆ, ನುಣುಪಾದ ವಾರ್ನಿಷ್ ಮೇಲೆಯೇ ಬೂದುಬಣ್ಣ ಸಿಂಪಡಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಎರಡು ದಿನಗಳ ಮೇಲೆ ನೀರಿನ ಗೆರೆಯ ಬಳಿ ಉಗುರು ತಾಗಿದ್ದೇ ತಡ, ಅಂಗೈ ಅಗಲದ ಬಣ್ಣ ಹಾಳೆಯಂತೆ ಎದ್ದುಬಂತು. ಎಲ್ಲವನ್ನೂ ಸುಲಿದು, 320 ನಂಬರಿನ ಕಾಗದದಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಪ್ರೈಮರ್ ಒಂದು ಪದರ, ಬೂದು ಎರಡು ಪದರ ಹಾಕಿದೆ. ಮೊದಲ ಬೂದು ಹೊಳೆಯುತ್ತಿತ್ತು; ಕಾವಲುದೋಣಿ ಹೊಳೆಯಬಾರದು, ಆದ್ದರಿಂದ ಎರಡನೆಯ ಸಲ ಹೊಳಪಿಲ್ಲದ ಬಗೆಯನ್ನು ತಂದೆ. ಹಿತ್ತಾಳೆ ಹಿಡಿಕಂಬಿಗಳಿಗೂ ಅದೇ ಬಣ್ಣ. ಕ್ಯಾಬಿನ್‌ನ ಒಳಗೆ ಮಾತ್ರ ವಾರ್ನಿಷ್ ಉಳಿಸಿದ್ದೇನೆ. ಮುಚ್ಚಳ ತೆಗೆದರೆ ಕಾಣುತ್ತದೆ.

ಮೂತಿಯ ಎರಡೂ ಬದಿಗೆ ಬಿಳಿಯ ಅಕ್ಷರಗಳಲ್ಲಿ "ಸಿಜಿಆರ್" ಎಂಬ ಗುರುತನ್ನು ಬರೆದೆ; ಕೋಸ್ಟ್ ಗಾರ್ಡ್ ರಿಸರ್ವ್ ದೋಣಿಗಳಿಗೆ ಆ ಮೂರು ಅಕ್ಷರಗಳ ಮುಂದೆ ಸಂಖ್ಯೆ ಇರುತ್ತಿತ್ತು. ನಾನು ಯಾವ ಸಂಖ್ಯೆ ಬರೆದರೂ ಅದು ನಿಜವಾಗಿ ಕಡಲಿಗೆ ಹೋದ ಬೇರೊಂದು ದೋಣಿಯದಾಗಿರುವ ಸಾಧ್ಯತೆ ಇದ್ದುದರಿಂದ, ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟೆ.

ಇಲ್ಲಿಯವರೆಗಿನ ಖರ್ಚು: ಪ್ಲೈವುಡ್ 640, ಮರ ಸೀಳಿದ ಕೂಲಿ 500, ರೆಸಿನ್ ಮತ್ತು ಗಾಜಿನ ಬಟ್ಟೆ 1,150, ಮೋಟಾರು, ವೇಗ ನಿಯಂತ್ರಕ, ದಂಡ ಮತ್ತು ಪ್ರೊಪೆಲ್ಲರ್ 3,900, ಬ್ಯಾಟರಿ 1,450, ಬಣ್ಣಗಳು 720, ಹಿತ್ತಾಳೆ ಮತ್ತು ಅಲ್ಯೂಮಿನಿಯಂ 560, ಪೈಪು, ಸೀಸ ಮತ್ತಿತರ 430, ಒಟ್ಟು 9,350 ರೂಪಾಯಿ. ರಿಮೋಟ್ ಮೊದಲೇ ಇತ್ತು. ಇದರಲ್ಲಿ ಸುಮಾರು 1,600 ರೂಪಾಯಿ ನನ್ನ ತಪ್ಪುಗಳಿಗೆ ತೆತ್ತದ್ದು.

ಹಂತ 10: ರೇಡಿಯೊ ತಂತಿ ಮತ್ತು ತೆಪ್ಪ (ನವೆಂಬರ್ 1 – 3)

ಆದೇಶದ ಮೂರನೆಯ ವಸ್ತುವಾದ ರೇಡಿಯೊಗೆ, ಚಿಕ್ಕ ಕಂಬದಿಂದ ಹಿಂಭಾಗದವರೆಗೆ 0.3 ಮಿ.ಮೀ. ತಂತಿ ಕಟ್ಟಿದೆ. ಕೆಲಸ ಸಣ್ಣದು, ಆದರೆ ಈ ದೋಣಿಗಳಿಗೆ ಬಂದೂಕಿಗಿಂತ ರೇಡಿಯೊ ಮುಖ್ಯವಾಗಿತ್ತು ಎಂಬುದು ನನ್ನ ಅಭಿಪ್ರಾಯ. ನೀರಿನ ಮೇಲೆ ತೇಲಿ ಬ್ಯಾಟರಿ ತುಂಬಿಸಿಕೊಳ್ಳಬೇಕಾದ ಜಲಾಂತರ್ಗಾಮಿಯನ್ನು ಕಂಡು ದಡಕ್ಕೆ ತಿಳಿಸುವುದು, ಮುಳುಗಿದ ಹಡಗಿನವರನ್ನು ಎತ್ತಿಕೊಳ್ಳುವುದು, ಇವೇ ಅವು ಮಾಡಬಲ್ಲ ಕೆಲಸಗಳು. ಪ್ರತಿ ದೋಣಿಗೂ 15 ನಾಟಿಕಲ್ ಮೈಲಿಯ ಒಂದೊಂದು ಚೌಕವನ್ನು ಹಂಚಿಕೊಟ್ಟಿದ್ದರು. ಮೋಟಾರು ದೋಣಿಗಳ ಜೊತೆ ಹಾಯಿದೋಣಿಗಳೂ ಇದ್ದವು. ಎಂಜಿನ್ ಸದ್ದಿಲ್ಲದ ಹಾಯಿದೋಣಿ ಬರುವುದು ಜಲಾಂತರ್ಗಾಮಿಯ ಕಿವಿಗೆ ಬೀಳುತ್ತಿರಲಿಲ್ಲ.

ಕ್ಯಾಬಿನ್ ಚಾವಣಿಯ ಮೇಲೆ ಬಂದೂಕು ಬಿಟ್ಟುಹೋದ ಜಾಗದಲ್ಲಿ ಬಾಲ್ಸಾ ಮರದ ತೆಪ್ಪವನ್ನು ಕಟ್ಟಿದೆ. ತೂಕ 6 ಗ್ರಾಂ. 1942ರ ಡಿಸೆಂಬರ್ ಆರಂಭದ ಬಿರುಗಾಳಿಯಲ್ಲಿ ಜೈದಾ ಎಂಬ ಕಾವಲಿನ ಹಾಯಿದೋಣಿ ಹಾಳಾಗಿ, ಒಂಬತ್ತು ಜನರನ್ನು ಹೊತ್ತು ಸುಮಾರು ಮೂರು ವಾರ ಅಟ್ಲಾಂಟಿಕ್‌ನಲ್ಲಿ ತೇಲುತ್ತ ಹೋದದ್ದನ್ನು ನೆನೆದರೆ, ತೆಪ್ಪವಿಲ್ಲದ ಕಾವಲುದೋಣಿಯನ್ನು ಮೇಜಿನ ಮೇಲೆ ಇಡಲೂ ನನಗೆ ಮನಸ್ಸಾಗಲಿಲ್ಲ.

ಹಂತ 11: ಬೀಳಿಸುವ ಪರೀಕ್ಷೆ (ನವೆಂಬರ್ 9 – 16)

ತೊಟ್ಟಿಲುಗಳ ಬಾಯಿಗೆ ತಲಾ ಒಂದು ಸಣ್ಣ ಸರ್ವೋ, ಅಂದರೆ ರಿಮೋಟ್‌ನಿಂದ ತಿರುಗಿಸುವ ಪುಟ್ಟ ಮೋಟಾರು, ಕೂರಿಸಿ, ಪಿನ್ ಎಳೆದರೆ ಒಂದು ಪೀಪಾಯಿ ಉರುಳುವಂತೆ ಮಾಡಿದೆ. ನವೆಂಬರ್ 9ರಂದು ಪರಿಚಿತರೊಬ್ಬರ ತೋಟದ ಕೃಷಿಹೊಂಡದಲ್ಲಿ ಪರೀಕ್ಷಿಸಿದೆ. ಪೀಪಾಯಿಗಳಿಗೆ ಮೀನುಗಾಳದ ದಾರ ಕಟ್ಟಿದ್ದರಿಂದ ಮತ್ತೆ ಮೇಲೆತ್ತಿಕೊಳ್ಳಲು ಆಯಿತು.

ಎಡದಿಂದ ಒಂದನ್ನು ಬೀಳಿಸಿದ ಕೂಡಲೇ ದೋಣಿ ಬಲಕ್ಕೆ ಸುಮಾರು 4 ಡಿಗ್ರಿ ವಾಲಿ ಹಾಗೆಯೇ ನಿಂತಿತು. ಬಲದಿಂದಲೂ ಒಂದನ್ನು ಬೀಳಿಸಿದಾಗ ನೆಟ್ಟಗಾಯಿತು. ಇದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಆಮೇಲಿನದು: ನಾಲ್ಕೂ ಬಿದ್ದ ಮೇಲೆ ಹಿಂಭಾಗ ಮೇಲೆದ್ದು ಮೂತಿ ಪೆನ್ಸಿಲ್ ಗೆರೆಗಿಂತ 4 ಮಿ.ಮೀ. ಕೆಳಗಿಳಿಯಿತು, ಪ್ರೊಪೆಲ್ಲರ್ ಅರ್ಧ ಗಾಳಿಯಲ್ಲಿ ತಿರುಗಿ ನೊರೆ ಎಬ್ಬಿಸಿತು, ಚುಕ್ಕಾಣಿ ಮಾತು ಕೇಳದಾಯಿತು. ಪೀಪಾಯಿಗಳ ಭಾರಕ್ಕೆ ಸರಿದೂಗಲೆಂದು ಬ್ಯಾಟರಿಯನ್ನು ಮುಂದೆ ಸರಿಸಿದ್ದೆನಲ್ಲ, ಪೀಪಾಯಿಗಳಿಲ್ಲದ ಸ್ಥಿತಿಯನ್ನು ಲೆಕ್ಕಕ್ಕೇ ತಂದಿರಲಿಲ್ಲ. ಕಾವಲುದೋಣಿಯು ಆಯುಧಗಳನ್ನು ಹೊತ್ತು ಹೋಗುವಾಗ ಹೇಗೋ, ಅವನ್ನು ಬಳಸಿ ಹಿಂದಿರುಗುವಾಗಲೂ ಹಾಗೆಯೇ ತೇಲಬೇಕು.

ನವೆಂಬರ್ 15ರಂದು ಬ್ಯಾಟರಿಯನ್ನು 40 ಮಿ.ಮೀ. ಹಿಂದಕ್ಕೆ ತಂದೆ. ಈಗ ಪೀಪಾಯಿಗಳಿದ್ದಾಗ ಹಿಂಭಾಗ 4 ಮಿ.ಮೀ. ತಗ್ಗು, ಇಲ್ಲದಾಗ ಮೂತಿ 2 ಮಿ.ಮೀ. ತಗ್ಗು; ಎರಡೂ ಸ್ಥಿತಿಯಲ್ಲಿ ಪ್ರೊಪೆಲ್ಲರ್ ನೀರಿನೊಳಗೇ ಇರುತ್ತದೆ, ಚುಕ್ಕಾಣಿಯ ಕೊಳವೆಯ ಬಾಯಿ ನೀರಿನ ಮೇಲೆಯೇ ಇರುತ್ತದೆ. ಪೂರ್ಣ ಸಜ್ಜಾದ ತೂಕ, ಸರ್ವೋಗಳನ್ನು ಬಿಟ್ಟು, 2,077 ಗ್ರಾಂ. ಬಲಬದಿಯ ಪಿನ್ ಒದ್ದೆಯಾದಾಗ ಐದರಲ್ಲಿ ಒಂದು ಸಲ ಸಿಕ್ಕಿಕೊಳ್ಳುತ್ತಿದೆ. ಉಕ್ಕಿನ ಪಿನ್ ತೆಗೆದು ಹಿತ್ತಾಳೆಯದನ್ನು ಹಾಕಲು, ಕಪಾಟಿನಲ್ಲಿರುವ ಮೊದಲ ಬಂದೂಕಿನ ನಳಿಗೆಯಿಂದಲೇ ಒಂದು ತುಂಡನ್ನು ಕತ್ತರಿಸಿಟ್ಟುಕೊಂಡಿದ್ದೇನೆ.